ಮೊದಲ ಲೆನ್ಸ್: ಅಂಗಡಿಗೆ ಹೋಗುವ ಮುನ್ನ ಕೋಣೆಯ ಅಳತೆ ತೆಗೆದುಕೊಳ್ಳಿ

ಪ್ರಶ್ನೆ: ಕೆನನ್ 1500ಡಿ ಕ್ಯಾಮೆರಾ ಕೊಂಡಿದ್ದೇನೆ. ಜೊತೆಗೆ 18-55 ಕಿಟ್ ಲೆನ್ಸ್ ಬಂದಿದೆ. ಮನೆಯಲ್ಲಿ ಮೂರು ವರ್ಷದ ಮಗಳು, ನೆಂಟರಿಷ್ಟರ ಕಾರ್ಯಕ್ರಮಗಳು, ರಾತ್ರಿಯ ಯಕ್ಷಗಾನ, ಊರಿನ ಕೆರೆಯ ಹಕ್ಕಿಗಳು, ಇವಿಷ್ಟನ್ನೂ ತೆಗೆಯುವ ಆಸೆ. ಅಂಗಡಿಯವರು 75-300 ಜೂಮ್ ತಗೊಳ್ಳಿ, ಎಲ್ಲದಕ್ಕೂ ಆಗುತ್ತದೆ ಎನ್ನುತ್ತಾರೆ. ಗೆಳೆಯ 50 ಎಂಎಂ ಬಿಟ್ಟು ಬೇರೆ ಯೋಚನೆಯೇ ಬೇಡ ಎನ್ನುತ್ತಾನೆ. ಕೈಯಲ್ಲಿ 15 ಸಾವಿರ ರೂಪಾಯಿ ಇದೆ. ಯಾವುದನ್ನು ಕೊಳ್ಳಲಿ? (ಓದುಗರು, ಶಿರಸಿ)

ಉತ್ತರ: 75-300 ಬೇಡ. 50 ಎಂಎಂ ಒಳ್ಳೆಯ ಲೆನ್ಸ್, ಆದರೆ ನೀವು ಹೇಳಿದ ನಾಲ್ಕು ಕೆಲಸಗಳಲ್ಲಿ ಅದು ಎರಡಕ್ಕೆ ಮಾತ್ರ ಒದಗುತ್ತದೆ. ಯಾವ ಎರಡು, ಯಾಕೆ ಎಂಬುದು ಗೊತ್ತಿದ್ದರೆ ಕೊಂಡ ಮೇಲೆ ಬೇಸರವಾಗುವುದಿಲ್ಲ. ಅದಕ್ಕೂ ಮುಂಚೆ ಒಂದು ಮಾತು: ಒಂದು ತಿಂಗಳು ಏನನ್ನೂ ಕೊಳ್ಳಬೇಡಿ. ಕಿಟ್ ಲೆನ್ಸಿನಲ್ಲೇ ಮುನ್ನೂರು ನಾನೂರು ಫೋಟೊ ತೆಗೆಯಿರಿ. ಆಮೇಲೆ ಅವನ್ನು ಕಂಪ್ಯೂಟರಿಗೆ ಹಾಕಿ, ನಿಮಗೆ ನಿಜವಾಗಿ ಇಷ್ಟವಾದ ನಲವತ್ತು ಐವತ್ತನ್ನು ಮಾತ್ರ ಆರಿಸಿ, ಪ್ರತಿಯೊಂದರ ಪ್ರಾಪರ್ಟೀಸ್ ತೆರೆದು ಫೋಕಲ್ ಲೆಂಗ್ತ್ (ಲೆನ್ಸಿನ ಮೇಲಿನ ಆ ಎಂಎಂ ಸಂಖ್ಯೆ; ಹೆಚ್ಚಾದಷ್ಟೂ ನೋಟ ಕಿರಿದು, ದೂರದ್ದು ದೊಡ್ಡದಾಗಿ ಕಾಣುತ್ತದೆ) ಎಷ್ಟಿದೆ ಎಂದು ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. 18ರಿಂದ 24ರೊಳಗೆ ಎಷ್ಟು, 35ರ ಆಸುಪಾಸಿನಲ್ಲಿ ಎಷ್ಟು, 55ಕ್ಕೆ ತಿರುಗಿಸಿ ಇನ್ನೂ ಸಾಲದು ಅನ್ನಿಸಿದ್ದು ಎಷ್ಟು. ಅಂಗಡಿಯವರಿಗಿಂತ, ಗೆಳೆಯನಿಗಿಂತ ಆ ಹಾಳೆ ನಿಮಗೆ ಸರಿಯಾದ ಸಲಹೆ ಕೊಡುತ್ತದೆ.

ಇನ್ನೂ ಒಂದು ಪರೀಕ್ಷೆಯಿದೆ, ಅದಕ್ಕೆ ಖರ್ಚಿಲ್ಲ. ಕಿಟ್ ಲೆನ್ಸಿನ ಜೂಮ್ ರಿಂಗನ್ನು 50ರ ಗುರುತಿಗೆ ತಿರುಗಿಸಿ, ಪೇಂಟರುಗಳು ಬಳಸುವ ಕಾಗದದ ಮಾಸ್ಕಿಂಗ್ ಟೇಪಿನ ಸಣ್ಣ ತುಂಡು ಅಂಟಿಸಿ, ಇಡೀ ಭಾನುವಾರ ಹಾಗೆಯೇ ಮನೆಯಲ್ಲಿ ಓಡಾಡಿ. ಮುಂದಿನ ಭಾನುವಾರ 24ರಲ್ಲಿ. ಎರಡನೆಯ ದಿನದ ಸಂಜೆಯ ಹೊತ್ತಿಗೆ ನಿಮ್ಮ ಕಣ್ಣು ಯಾವ ಅಗಲವನ್ನು ಬಯಸುತ್ತದೆ ಎಂಬುದು ಗೊತ್ತಾಗಿರುತ್ತದೆ.

ಈಗ ಲೆಕ್ಕ. 1500ಡಿಯ ಸೆನ್ಸರಿನ (ಫಿಲ್ಮಿನ ಜಾಗದಲ್ಲಿ ಚಿತ್ರ ಹಿಡಿಯುವ ಚಿಪ್) ಅಗಲ 22.3 ಮಿಲಿಮೀಟರ್, ಎತ್ತರ 14.9. ಹಳೆಯ 35 ಎಂಎಂ ಫಿಲ್ಮಿನ ಚೌಕಟ್ಟು 36 ಮಿಲಿಮೀಟರ್ ಅಗಲವಿತ್ತು. ಈ ವ್ಯತ್ಯಾಸದಿಂದಾಗಿಯೇ ಕೆನನ್‌ನ ಇಂಥ ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) 1.6ರ ಕ್ರಾಪ್ ಎನ್ನುವುದು. ನಿಕಾನ್‌ನ ಚಿಕ್ಕ ಸೆನ್ಸರಿನ ಡಿಎಕ್ಸ್ ಬಾಡಿಗಳಲ್ಲಿ ಅದು 1.5. ಅಂದರೆ 50 ಎಂಎಂ ಲೆನ್ಸ್ ನಿಮ್ಮ ಕ್ಯಾಮೆರಾದಲ್ಲಿ, ಫಿಲ್ಮ್ ಕ್ಯಾಮೆರಾದಲ್ಲಿ 80 ಎಂಎಂ ತೋರಿಸುತ್ತಿದ್ದಷ್ಟೇ ಕಿರಿದಾದ ನೋಟ ತೋರಿಸುತ್ತದೆ. '50 ಎಂಎಂ ಎಂದರೆ ಮನುಷ್ಯನ ಕಣ್ಣಿನ ನೋಟ' ಎಂಬ ಮಾತು ಫಿಲ್ಮಿನ ಕಾಲದ್ದು. ನಿಮ್ಮ ಬಾಡಿಗೆ ಅದು ಹೊಂದುವುದಿಲ್ಲ.

ಎಷ್ಟು ದೂರದಲ್ಲಿ ಎಷ್ಟು ಅಗಲ ಕಾಣುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಬಹುದು: ವಸ್ತು ಇರುವ ದೂರವನ್ನು 22ರಿಂದ ಗುಣಿಸಿ, ಫೋಕಲ್ ಲೆಂಗ್ತ್‌ನಿಂದ ಭಾಗಿಸಿ. ನಮ್ಮಲ್ಲಿ ಸಾಮಾನ್ಯವಾದ ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತರೂ ನಿಮಗೂ ಎದುರಿನವರಿಗೂ ನಡುವೆ ಹೆಚ್ಚೆಂದರೆ ಮೂರು ಮೀಟರ್ ಸಿಗುತ್ತದೆ. ಅಲ್ಲಿಂದ 50 ಎಂಎಂನಲ್ಲಿ ಕಾಣುವ ಅಗಲ 1.3 ಮೀಟರ್ ಮಾತ್ರ. ಸೋಫಾದಲ್ಲಿ ಅಜ್ಜಿ ಮೊಮ್ಮಗಳು ಇಬ್ಬರು ಸರಿಯಾಗಿ ಬರುತ್ತಾರೆ, ಪಕ್ಕದಲ್ಲಿ ಮೂರನೆಯವರು ಕೂತರೆ ಅರ್ಧ ಮುಖ ಕತ್ತರಿಸಿಹೋಗುತ್ತದೆ. ಅದೇ ಜಾಗದಿಂದ 24 ಎಂಎಂನಲ್ಲಿ 2.8 ಮೀಟರ್, 18ರಲ್ಲಿ 3.7 ಮೀಟರ್ ಅಗಲ ಸಿಗುತ್ತದೆ. ನಿಂತ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ, ಮೇಲೆ ಕೆಳಗೆ ಚೂರು ಜಾಗ ಬಿಟ್ಟು, ಕ್ಯಾಮೆರಾ ಉದ್ದಕ್ಕೆ ಹಿಡಿದು 50 ಎಂಎಂನಲ್ಲಿ ತೆಗೆಯಬೇಕಾದರೆ ನಾಲ್ಕೂವರೆ ಮೀಟರ್ ಹಿಂದೆ ಹೋಗಬೇಕು. ಜಗಲಿಯಲ್ಲಿ, ಅಂಗಳದಲ್ಲಿ ಅದು ಸಾಧ್ಯ. ದೇವರ ಕೋಣೆಯ ಮುಂದೆ, ನಾಮಕರಣದ ತೊಟ್ಟಿಲ ಸುತ್ತ, ಬಾಳೆಲೆ ಊಟದ ಪಂಕ್ತಿಯ ನಡುವೆ ಸಾಧ್ಯವೇ ಇಲ್ಲ. 50 ಎಂಎಂ ಕೊಂಡ ಹೊಸಬರಲ್ಲಿ ಬಹಳ ಮಂದಿ ಅದನ್ನು ಮನೆಯೊಳಗೆ ಬಳಸದೆ ಬಿಡುವುದಕ್ಕೆ ಕಾರಣ ಇದೇ. ಕೋಣೆ ಅವರ ಬೆನ್ನಿಗೆ ತಾಗುತ್ತದೆ.

ಹಾಗಾದರೆ ಅದನ್ನು ಯಾಕೆ ಹೊಗಳುತ್ತಾರೆ? ಬೆಳಕಿಗಾಗಿ. ಎಫ್ ಎಂಬುದು ಲೆನ್ಸಿನೊಳಗೆ ಬೆಳಕು ಬರುವ ಬಾಗಿಲಿನ, ಅಂದರೆ ಅಪರ್ಚರಿನ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ನಿಮ್ಮ ಕಿಟ್ ಲೆನ್ಸ್ 18 ಎಂಎಂನಲ್ಲಿ ಎಫ್ 3.5 ತೆರೆಯುತ್ತದೆ, 24ರ ಹೊತ್ತಿಗೆ ಎಫ್ 4, 35ರ ಸುಮಾರಿಗೆ ಎಫ್ 4.5, 50ಕ್ಕೆ ಬರುವಾಗ ಎಫ್ 5.6. ಜೂಮ್ ಮಾಡಿದಷ್ಟೂ ಬಾಗಿಲು ಕಿರಿದಾಗುತ್ತದೆ. 50 ಎಂಎಂ ಎಸ್‌ಟಿಎಂ (ಎಸ್‌ಟಿಎಂ ಎನ್ನುವುದು ಕೆನನ್‌ನ ಒಂದು ಬಗೆಯ ಫೋಕಸ್ ಮೋಟಾರಿನ ಹೆಸರು) ಎಫ್ 1.8 ತೆರೆಯುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 9.7, ಅಂದರೆ ಹೆಚ್ಚುಕಡಿಮೆ ಹತ್ತುಪಟ್ಟು ಬೆಳಕು. ಹತ್ತುಪಟ್ಟು ಎಂದರೆ ಎಷ್ಟು ದೊಡ್ಡ ಅಂತರ ಎಂಬುದಕ್ಕೆ ಯಕ್ಷಗಾನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ರಾತ್ರಿ ಆಟದಲ್ಲಿ ವೇಷ ಧಿಗಿಣ (ಸುತ್ತುತ್ತ ಹಾರುವ ಕುಣಿತ) ಹಾಕುವಾಗ ಫೋಟೊ ಅಲುಗದೆ ಬರಬೇಕಾದರೆ ಶಟರ್ (ಸೆನ್ಸರಿಗೆ ಬೆಳಕು ಬೀಳುವ ಅವಧಿ) 1/250 ಸೆಕೆಂಡಿಗಿಂತ ನಿಧಾನವಾಗಿರಬಾರದು; ರಭಸ ಜಾಸ್ತಿಯಿದ್ದರೆ 1/500. ರಂಗಸ್ಥಳದ ಬೆಳಕಿನಲ್ಲಿ ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿ, ಎಫ್ 5.6ರಲ್ಲಿ 1/250 ಕೇಳಿದರೆ ಕ್ಯಾಮೆರಾದ ಬೆಳಕಿನ ಮೀಟರ್ ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 12800 ಬೇಕು ಎನ್ನಬಹುದು. 1500ಡಿಯ ಸಹಜ ಮಿತಿ 6400. 12800 ಎನ್ನುವುದು ಮೆನುವಿನಲ್ಲಿ ವಿಸ್ತರಿಸಿಕೊಂಡರೆ ಮಾತ್ರ ಸಿಗುವಂಥದ್ದು. ಅಲ್ಲಿ ಮುಖವರ್ಣಿಕೆಯ ಕೆಂಪು ಹಳದಿ ಒಂದಕ್ಕೊಂದು ಕಲಸಿದಂತಾಗಿ, ಕಪ್ಪು ಹಿನ್ನೆಲೆಯಲ್ಲೆಲ್ಲ ಬಣ್ಣಬಣ್ಣದ ಮರಳು ಚೆಲ್ಲಿದಂತೆ ಕಾಣುತ್ತದೆ. ಅದೇ ಬೆಳಕಿನಲ್ಲಿ 50 ಎಂಎಂ ಲೆನ್ಸನ್ನು ಎಫ್ 2ಕ್ಕೆ ಇಟ್ಟರೆ ಐಎಸ್‌ಓ 1600 ಸಾಕು. ಕಣ್ಣ ಸುತ್ತಲಿನ ಕಾಡಿಗೆಯ ಗೆರೆ, ಕಿರೀಟದ ಬೇಗಡೆಯ ಹೊಳಪು ಬೇರೆಬೇರೆಯಾಗಿ ಉಳಿಯುತ್ತವೆ. ದೂರವೂ ಇಲ್ಲಿ ಹೊಂದುತ್ತದೆ: ಮುಂದಿನ ಸಾಲಿನಲ್ಲಿ ಐದು ಮೀಟರ್ ದೂರದಲ್ಲಿ ಕೂತು ಕ್ಯಾಮೆರಾ ಉದ್ದಕ್ಕೆ ಹಿಡಿದರೆ 50 ಎಂಎಂನಲ್ಲಿ 2.2 ಮೀಟರ್ ಎತ್ತರ ಸಿಗುತ್ತದೆ. ಕಾಲಿನ ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ಒಂದು ವೇಷ ಅಚ್ಚುಕಟ್ಟಾಗಿ ಕೂರುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಮುಖ ಬೇಕಾದರೆ ಒಂದು ಮೀಟರ್ ಹತ್ತಿರ ಹೋಗಿ. ಈ ಲೆನ್ಸ್ 35 ಸೆಂಟಿಮೀಟರ್‌ವರೆಗೂ ಫೋಕಸ್ ಹಿಡಿಯುತ್ತದೆ. ಇಡೀ ಚೌಕಿಯ ಸಾಲು ಬೇಕಾದರೆ ಮಾತ್ರ ಕಿಟ್ ಲೆನ್ಸಿಗೆ ಮರಳಬೇಕು.

ಯಕ್ಷಗಾನ ತೆಗೆಯುವವರಿಗೆ ಇನ್ನೊಂದು ಸೂಕ್ಷ್ಮ. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಾಗಾಗಿ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, 1/250 ಶಟರಿಗೆ ಗೊತ್ತಾಗುತ್ತದೆ: ಒಂದು ಫೋಟೊ ಬೆಳ್ಳಗೆ, ಮುಂದಿನದು ಮಂಕು, ಕೆಲವದರಲ್ಲಿ ಅಡ್ಡಪಟ್ಟೆ. ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳಬೇಡಿ. ವೇಷ ನಿಂತು ಅರ್ಥ ಹೇಳುವಾಗ 1/100ಕ್ಕೆ ಇಳಿಸಿ, ಬೆಳಕು ಸಮವಾಗುತ್ತದೆ. ಕುಣಿತಕ್ಕೆ 1/250 ಇಟ್ಟು ಒಂದರ ಬದಲು ನಾಲ್ಕು ಫೋಟೊ ತೆಗೆದುಕೊಳ್ಳಿ.

ಎಫ್ 1.8ಕ್ಕೆ ಒಂದು ಬೆಲೆ ಇದೆ, ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 50 ಎಂಎಂನಲ್ಲಿ ಎಫ್ 1.8 ಇಟ್ಟು ಮಗಳ ಮುಖವನ್ನು ಒಂದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಮೂರು ಸೆಂಟಿಮೀಟರಿಗೂ ಕಡಿಮೆ. ಮೂಗಿನ ತುದಿಯಿಂದ ಕಣ್ಣಿಗೆ ಇರುವ ಅಂತರವೇ ಅಷ್ಟು. ಫೋಕಸ್ ಮೂಗಿಗೆ ಹಿಡಿದರೆ ಕಣ್ಣು ಮಸುಕು. ಕಣ್ಣಿಗೆ ಹಿಡಿದು, ಬಟನ್ ಒತ್ತುವಷ್ಟರಲ್ಲಿ ಮಗು ಚೂರು ಮುಂದೆ ಬಾಗಿದರೂ ಮಸುಕು. ಎರಡು ಮೀಟರ್ ದೂರ ಹೋದರೆ ಆ ಆಳ ಹನ್ನೊಂದು ಸೆಂಟಿಮೀಟರ್ ಆಗುತ್ತದೆ. ಎಫ್ 4 ಮಾಡಿದರೆ ಇಪ್ಪತ್ನಾಲ್ಕು. ಆದ್ದರಿಂದ ಹೊಸ ಲೆನ್ಸ್ ಬಂದ ದಿನವೇ ಎಲ್ಲವನ್ನೂ 1.8ರಲ್ಲಿ ತೆಗೆಯುವ ಹುರುಪು ಬೇಡ. ಮಗಳಿಗೆ ಎಫ್ 2.8, ಇಬ್ಬರು ಒಟ್ಟಿಗೆ ಇದ್ದರೆ ಎಫ್ 4, ಮೂವರು ಹಿಂದೆ ಮುಂದೆ ನಿಂತರೆ ಎಫ್ 5.6. ಹಿನ್ನೆಲೆ ಮಸುಕಾಗಬೇಕೆಂದರೆ ಅಪರ್ಚರ್ ತೆರೆಯುವುದಕ್ಕಿಂತ ಮಗುವನ್ನು ಗೋಡೆಯಿಂದ ಎರಡು ಮೂರು ಮೀಟರ್ ಮುಂದೆ ತಂದು ಕೂರಿಸುವುದು ಒಳ್ಳೆಯದು. ಗೋಡೆಗೆ ಒರಗಿ ಕೂತವರ ಹಿನ್ನೆಲೆಯನ್ನು ಯಾವ ಲೆನ್ಸೂ ಚೆನ್ನಾಗಿ ಕರಗಿಸುವುದಿಲ್ಲ.

ಡಯಲನ್ನು ಎವಿಗೆ ಇಡಿ; ಅಲ್ಲಿ ಎಫ್ ನೀವು ಆರಿಸುತ್ತೀರಿ, ಶಟರ್ ಕ್ಯಾಮೆರಾ ಆರಿಸುತ್ತದೆ. ಫೋಕಸ್ ಬಿಂದುಗಳನ್ನು ಕ್ಯಾಮೆರಾದ ಇಷ್ಟಕ್ಕೆ ಬಿಡಬೇಡಿ. ಒಂಬತ್ತರಲ್ಲಿ ನಡುವಿನ ಒಂದನ್ನು ಮಾತ್ರ ಆರಿಸಿ. 1500ಡಿಯಲ್ಲಿ ಕ್ರಾಸ್ ಮಾದರಿಯದು ಅದೊಂದೇ, ಅಡ್ಡಗೆರೆ ಉದ್ದಗೆರೆ ಎರಡನ್ನೂ ಗುರುತಿಸುತ್ತದೆ. ಮಂದ ಬೆಳಕಿನಲ್ಲಿ ಉಳಿದವು ತಡಕಾಡುತ್ತವೆ. ಆ ಬಿಂದುವನ್ನು ಹತ್ತಿರದ ಕಣ್ಣಿನ ಮೇಲಿಟ್ಟು ಅರ್ಧ ಒತ್ತಿ, ಪೂರ್ತಿ ಒತ್ತಿ. ಫೋಕಸ್ ಹಿಡಿದ ಮೇಲೆ ಕ್ಯಾಮೆರಾ ಬಹಳ ತಿರುಗಿಸಿ ಚೌಕಟ್ಟು ಬದಲಿಸಿದರೆ ಎಫ್ 2ರಲ್ಲಿ ಫೋಕಸ್ ಜಾರುತ್ತದೆ. ಸ್ವಲ್ಪ ಅಗಲವಾಗಿ ತೆಗೆದು ಆಮೇಲೆ ಕತ್ತರಿಸಿಕೊಳ್ಳಿ, 24 ಮೆಗಾಪಿಕ್ಸೆಲ್ ಇರುವುದು ಅದಕ್ಕೇ. ಈ 50 ಎಂಎಂ ಲೆನ್ಸಿನಲ್ಲಿ ಐಎಸ್, ಅಂದರೆ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಕುಳಿತವರನ್ನು ತೆಗೆಯಲೂ 1/100ಕ್ಕಿಂತ ನಿಧಾನ ಬೇಡ, ಓಡುವ ಮಗುವಿಗೆ 1/250ರಿಂದ 1/500. ಎವಿಯಲ್ಲಿ ಶಟರ್ ಎಷ್ಟು ಬರುತ್ತಿದೆ ಎಂದು ವ್ಯೂಫೈಂಡರಿನ ಕೆಳಸಾಲಿನಲ್ಲಿ ಓದುವ ಅಭ್ಯಾಸವಾಗಲಿ. ಕಡಿಮೆಯಾದರೆ ಐಎಸ್‌ಓ ಏರಿಸಿ. ಐಎಸ್ ಇರುವ ಲೆನ್ಸಾದರೂ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು, ಮಗುವಿನ ಓಟವನ್ನಲ್ಲ. ಕಿಟ್ ಲೆನ್ಸಿನಲ್ಲಿ 1/15ಕ್ಕೆ ಗೋಡೆಯ ಗಡಿಯಾರ ಸ್ಪಷ್ಟ, ಎದುರಿನ ಮಗು ಹೊಗೆಯಂತೆ. ಇದರಲ್ಲಿ ಲೆನ್ಸಿನ ದೋಷವಿಲ್ಲ.

ಇನ್ನು ನೆಂಟರ ಮನೆಯ ಕಾರ್ಯಕ್ರಮಗಳು. ಇದಕ್ಕೆ ಹೊಸ ಲೆನ್ಸ್ ಬೇಡ. ನಿಮ್ಮಲ್ಲಿರುವ 18-55 ಇಲ್ಲಿ 50 ಎಂಎಂಗಿಂತ ಉಪಯುಕ್ತ, ಕೊರತೆ ಬೆಳಕಿನದು ಮಾತ್ರ. ಕೆನನ್‌ನಲ್ಲಿ ಇಎಫ್-ಎಸ್ (ನಿಮ್ಮದರಂಥ ಚಿಕ್ಕ ಸೆನ್ಸರಿನ ಬಾಡಿಗಳಿಗೆಂದೇ ಮಾಡಿದ ಸಾಲು) 24 ಎಂಎಂ ಎಫ್ 2.8 ಎಸ್‌ಟಿಎಂ ಎಂಬ ಚಪ್ಪಟೆ ಲೆನ್ಸ್ ಇದೆ, ಕೇವಲ 125 ಗ್ರಾಂ, 16 ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್ ಹಿಡಿಯುತ್ತದೆ. ಬಹಳ ಮುದ್ದಾದ ಲೆನ್ಸ್. ಬೀದಿಯಲ್ಲಿ, ಪ್ರವಾಸದಲ್ಲಿ ಅದನ್ನು ಹಾಕಿಕೊಂಡರೆ ಕ್ಯಾಮೆರಾ ಹೊತ್ತದ್ದೇ ತಿಳಿಯುವುದಿಲ್ಲ. ಆದರೆ ಕಿಟ್ ಲೆನ್ಸ್ 24ರಲ್ಲಿ ಎಫ್ 4 ಕೊಡುವಾಗ ಇದು ಎಫ್ 2.8, ಎರಡುಪಟ್ಟು ಬೆಳಕು ಅಷ್ಟೇ, ಮೇಲಾಗಿ ಐಎಸ್ ಇಲ್ಲ. ಬೆಳಕಿಗಾಗಿ ಅದನ್ನು ಕೊಂಡರೆ ನಿರಾಸೆಯಾಗುತ್ತದೆ. ಒಳಾಂಗಣದ ಗುಂಪು ಫೋಟೊಗಳಿಗೆ ನಿಜವಾದ ಉತ್ತರ ಒಂದು ಸಾಧಾರಣ ಫ್ಲ್ಯಾಶ್, ತಲೆ ಮೇಲಕ್ಕೆ ತಿರುಗುವಂಥದ್ದು. ಬಿಳಿ ಸೀಲಿಂಗಿಗೆ ತಿರುಗಿಸಿ ಹೊಡೆದರೆ ಬೆಳಕು ಮೇಲಿಂದ ಮೆತ್ತಗೆ ಹರಡಿ ಬೀಳುತ್ತದೆ, ಎಫ್ 5.6ರಲ್ಲಿ ಎರಡು ಸಾಲಿನ ಜನರೆಲ್ಲ ಸ್ಪಷ್ಟವಾಗಿರುತ್ತಾರೆ. ಹೆಂಚಿನ ಮನೆಯಲ್ಲಿ, ಮರದ ಮುಚ್ಚಿಗೆಯ ಕೆಳಗೆ ಇದು ನಡೆಯದು. ಮರ ಬೆಳಕನ್ನು ನುಂಗಿ ಎಲ್ಲರ ಮುಖಕ್ಕೂ ಕಂದು ಛಾಯೆ ಕೊಡುತ್ತದೆ. ಅಲ್ಲಿ ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿ. ಕೊಳ್ಳುವ ಮೊದಲು ಕ್ಯಾಮೆರಾದ ನೆತ್ತಿಯ ಹಾಟ್‌ಶೂ, ಅಂದರೆ ಫ್ಲ್ಯಾಶ್ ಸಿಕ್ಕಿಸುವ ಜಾಗ, ನೋಡಿ: ಕೆನನ್‌ನ ಇತ್ತೀಚಿನ ಕೆಲವು ಕಡಿಮೆ ಬೆಲೆಯ ಬಾಡಿಗಳಲ್ಲಿ ನಡುವಿನ ದೊಡ್ಡ ಪಿನ್ ತೆಗೆದುಹಾಕಿದ್ದಾರೆ. ಆ ಪಿನ್ ಇಲ್ಲದಿದ್ದರೆ ಒಂದೇ ಪಿನ್ನಿನ ಮ್ಯಾನುಯಲ್ ಫ್ಲ್ಯಾಶ್ ಹೊತ್ತುವುದೇ ಇಲ್ಲ. ಅಂಗಡಿಯಲ್ಲೇ ಸಿಕ್ಕಿಸಿ ನೋಡಿ ಹಣ ಕೊಡಿ.

ಹಕ್ಕಿಗಳ ವಿಷಯಕ್ಕೆ ಬಂದರೆ, ಅಂಗಡಿಯವರು ಹೇಳಿದ ಇಎಫ್ 75-300 ಎಫ್ 4-5.6 ಮೂರನೆಯ ಆವೃತ್ತಿಯನ್ನು ಯಾಕೆ ಬೇಡ ಎಂದೆವೋ ಅದನ್ನು ಬಿಡಿಸಿ ಹೇಳಬೇಕು. ಅದರಲ್ಲಿ ಐಎಸ್ ಇಲ್ಲ. 300 ಎಂಎಂ ಎಂದರೆ ನಿಮ್ಮ ಬಾಡಿಯಲ್ಲಿ 480ರ ನೋಟ. ಕೈಯಲ್ಲಿ ಹಿಡಿದು ತೆಗೆಯಲು 1/500 ಬೇಕೇಬೇಕು. ಬೆಳಗಿನ ಎಂಟು ಗಂಟೆಯ ಮೊದಲು ಮರದ ನೆರಳಿನಲ್ಲಿ ಕೂತ ಹಕ್ಕಿಗೆ ಎಫ್ 5.6ರಲ್ಲಿ ಆ ವೇಗ ಸಿಗಬೇಕಾದರೆ ಐಎಸ್‌ಓ ಸಾವಿರಾರಕ್ಕೆ ಹೋಗುತ್ತದೆ. 300ರ ತುದಿಯಲ್ಲಿ ಚಿತ್ರ ಮೆತ್ತಗಾಗುತ್ತದೆ, ಆಕಾಶಕ್ಕೆ ಎದುರಾದ ಕೊಂಬೆಗಳ ಅಂಚಿನಲ್ಲಿ ನೇರಳೆ ಗೆರೆ ಬರುತ್ತದೆ. ಫೋಕಸ್ ನಿಧಾನ, ಸದ್ದೂ ಜಾಸ್ತಿ. ಒಂದೂವರೆ ಮೀಟರಿಗಿಂತ ಹತ್ತಿರದ್ದನ್ನು ಹಿಡಿಯುವುದೂ ಇಲ್ಲ. 'ಎಲ್ಲದಕ್ಕೂ ಆಗುತ್ತದೆ' ಎಂಬ ಮಾತಂತೂ ಪೂರಾ ತಪ್ಪು: ಮೂರು ಮೀಟರಿನ ಕೋಣೆಯಲ್ಲಿ 75 ಎಂಎಂಗೆ ಕಾಣುವುದು 90 ಸೆಂಟಿಮೀಟರ್ ಅಗಲ.

ಹಕ್ಕಿಗಳಿಗೆ ಕಡಿಮೆ ಬೆಲೆಯ ಸರಿಯಾದ ಲೆನ್ಸ್ ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ. 375 ಗ್ರಾಂ ತೂಕ, ಐಎಸ್ ಇದೆ, ಫೋಕಸ್ ಸದ್ದಿಲ್ಲದೆ ಚುರುಕಾಗಿ ನಡೆಯುತ್ತದೆ, 250ರಲ್ಲೂ ಚಿತ್ರ ಗಟ್ಟಿಯಾಗಿರುತ್ತದೆ. ಇದಕ್ಕೂ ಮುಂಚಿನ, ಎಸ್‌ಟಿಎಂ ಎಂದು ಬರೆಯದ 55-250 ಐಎಸ್ ಎರಡನೆಯ ಆವೃತ್ತಿಯೂ ಮಾರುಕಟ್ಟೆಯಲ್ಲಿದೆ. ಹೆಸರು ಒಂದೇ ಎಂದು ಮೋಸ ಹೋಗಬೇಡಿ, ಎಸ್‌ಟಿಎಂ ಇರುವುದನ್ನೇ ಕೇಳಿ. 250 ಎಂಎಂನಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನೂ ಲೆಕ್ಕದಲ್ಲೇ ನೋಡಿ. ಹತ್ತು ಮೀಟರ್ ದೂರದ ಬೇಲಿಗೂಟದ ಮೇಲೆ ಮಿಂಚುಳ್ಳಿ ಕೂತಿದ್ದರೆ ಚೌಕಟ್ಟಿನ ಅಗಲ 89 ಸೆಂಟಿಮೀಟರ್. 28 ಸೆಂಟಿಮೀಟರಿನ ಹಕ್ಕಿ ಮೂರನೇ ಒಂದು ಭಾಗ ತುಂಬುತ್ತದೆ. ಚೆನ್ನಾದ ಫೋಟೊ. ರಂಗನತಿಟ್ಟಿನಲ್ಲಿ ದೋಣಿಯಿಂದ ಇಪ್ಪತ್ತು ಮೀಟರ್ ದೂರದ ಬಣ್ಣದ ಕೊಕ್ಕರೆಗೆ 1.8 ಮೀಟರ್ ಅಗಲ ಸಿಗುತ್ತದೆ, ಮೀಟರ್ ಎತ್ತರದ ಆ ಹಕ್ಕಿಗೆ ಹೇಳಿ ಮಾಡಿಸಿದ ಅಳತೆ. ದೋಣಿ ತೂಗುವುದರಿಂದ ಅಲ್ಲಿ 1/1000ಕ್ಕಿಂತ ಕಡಿಮೆ ಇಡಬೇಡಿ. ನಿಮ್ಮ ಹತ್ತಿರದ ಮುಂಡಿಗೆಕೆರೆಯಂಥ ಕಡೆ ದಡದಿಂದ ಬೆಳ್ಳಕ್ಕಿಗಳಿಗೆ ನಲವತ್ತು ಮೀಟರ್ ಅಂತರವಿದ್ದರೆ ಚೌಕಟ್ಟು ಮೂರೂವರೆ ಮೀಟರ್ ಅಗಲವಾಗುತ್ತದೆ. 60 ಸೆಂಟಿಮೀಟರಿನ ಬೆಳ್ಳಕ್ಕಿ 6000 ಪಿಕ್ಸೆಲಿನಲ್ಲಿ ಸಾವಿರ ಪಿಕ್ಸೆಲ್ ಮಾತ್ರ. ಮೊಬೈಲಿನಲ್ಲಿ ನೋಡಲು ಸಾಕು, ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಲಾಗದು. ಎತ್ತರದ ಮರದ ತುದಿಯ ಮಂಗಟ್ಟೆ ಹಕ್ಕಿ ಬೇಕೆಂದರೆ 400 ಎಂಎಂ ಮೇಲಿನ ಲೆನ್ಸುಗಳ ಲೋಕಕ್ಕೆ ಹೋಗಬೇಕು, ಅದು ನಿಮ್ಮ ಮೊದಲ ಲೆನ್ಸಿನ ಮಾತಲ್ಲ.

ಹಾಗಾಗಿ ಈ ಹಣಕ್ಕೆ ನಮ್ಮ ಸಲಹೆ: ಯಕ್ಷಗಾನ ಮತ್ತು ಮಗಳು ನಿಮ್ಮ ಪಟ್ಟಿಯಲ್ಲಿ ಮೊದಲಿದ್ದರೆ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ ಕೊಳ್ಳಿ. ಅದು ನಿಮ್ಮ ಬಜೆಟ್ಟಿನೊಳಗೆ ಬರುತ್ತದೆ, ಉಳಿದ ಹಣ ಫ್ಲ್ಯಾಶಿಗೋ ಮುಂದಿನ 55-250ಕ್ಕೋ ತೆಗೆದಿಡಿ. ಹಕ್ಕಿಗಳೇ ಮೊದಲು ಎನ್ನುವುದಾದರೆ ಸೆಕೆಂಡ್ ಹ್ಯಾಂಡ್ 55-250 ಐಎಸ್ ಎಸ್‌ಟಿಎಂ ಹುಡುಕಿ. ಜಲಪಾತ, ಬೆಟ್ಟ, ದೇವಸ್ಥಾನದ ಹೊರಗೋಡೆಯ ಶಿಲ್ಪ ಇವಕ್ಕೆಲ್ಲ ಕಿಟ್ ಲೆನ್ಸನ್ನು ಎಫ್ 8ಕ್ಕೆ ಇಟ್ಟರೆ ಧಾರಾಳವಾಯಿತು. ಹಗಲಿನ ಬೆಳಕಿನಲ್ಲಿ ಎಫ್ 8ರ ಕಿಟ್ ಲೆನ್ಸಿನ ಚಿತ್ರವನ್ನೂ ಎಫ್ 8ರ ದುಬಾರಿ ಲೆನ್ಸಿನ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಮಾಡಿ ಹೇಳುವುದು ಕಷ್ಟ.

ನಿಕಾನ್ ಡಿ3500, ಡಿ5600 ಇರುವ ಓದುಗರಿಗೆ ಉತ್ತರ ಬೇರೆ, ಮತ್ತು ಅವರಿಗೆ ಅದೃಷ್ಟವಿದೆ ಎನ್ನಬೇಕು. ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್ 1.8ಜಿ ಎಂಬ 200 ಗ್ರಾಮಿನ ಲೆನ್ಸ್ 2009ರಿಂದ ಇದೆ. ಮೂರು ಮೀಟರಿನಿಂದ ಎರಡು ಮೀಟರ್ ಅಗಲ ಕೊಡುತ್ತದೆ, 35ರಲ್ಲಿ ಕಿಟ್ ಲೆನ್ಸಿಗಿಂತ ಆರುಪಟ್ಟು ಬೆಳಕು. ನಮ್ಮ ಕೋಣೆಗಳ ಅಳತೆಗೆ ಇದಕ್ಕಿಂತ ಹೊಂದುವ ಅಗ್ಗದ ಲೆನ್ಸ್ ಕೆನನ್‌ನ ಡಿಎಸ್‌ಎಲ್‌ಆರ್ (1500ಡಿಯಂತೆ ಒಳಗೆ ಕನ್ನಡಿ ಇರುವ ಕ್ಯಾಮೆರಾ) ಸಾಲಿನಲ್ಲಿ ಇಲ್ಲ. ನಿಕಾನ್‌ನವರು ಎಚ್ಚರ ವಹಿಸಬೇಕಾದ್ದು ಮೂರು ಕಡೆ. ಆ ಎರಡು ಬಾಡಿಗಳಲ್ಲೂ ಫೋಕಸ್ ಮೋಟಾರ್ ಇಲ್ಲ, ಆದ್ದರಿಂದ ಹಳೆಯ ಎಎಫ್ 50 ಎಂಎಂ ಎಫ್ 1.8ಡಿ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕಾಗುತ್ತದೆ. ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಇರಲೇಬೇಕು. ಎಎಫ್-ಪಿ ಲೆನ್ಸುಗಳು ಡಿ3100, ಡಿ3200, ಡಿ5100ರಂಥ ಹಳೆಯ ಬಾಡಿಗಳಲ್ಲಿ ಕೆಲಸ ಮಾಡುವುದಿಲ್ಲ. ಇನ್ನು ಎಎಫ್-ಪಿ ಡಿಎಕ್ಸ್ 70-300ರಲ್ಲಿ ವಿಆರ್ (ಕೆನನ್‌ನ ಐಎಸ್‌ಗೆ ನಿಕಾನ್ ಇಟ್ಟ ಹೆಸರು) ಇರುವುದು, ಇಲ್ಲದ್ದು ಎರಡೂ ನೋಡಲು ಒಂದೇ ಥರ. ಲೆನ್ಸಿನ ಮೇಲೆ ವಿಆರ್ ಎಂಬ ಅಕ್ಷರ ಕಣ್ಣಾರೆ ಕಂಡ ಮೇಲೆಯೇ ಹಣ ಕೊಡಿ.

ಕೆನನ್‌ನವರು ಬೀಳುವ ಗುಂಡಿ ಬೇರೆ. ಈಗ ಅಂಗಡಿಗಳಲ್ಲಿ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳ ಆರ್‌ಎಫ್ ಲೆನ್ಸುಗಳೇ ಹೆಚ್ಚು. ಆರ್‌ಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ, ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ: ಪೆಟ್ಟಿಗೆಯ ಮೇಲೆ ಒಂದೆರಡು ಅಕ್ಷರದ ವ್ಯತ್ಯಾಸ. ಆರ್‌ಎಫ್ ಲೆನ್ಸ್ ನಿಮ್ಮ ಕ್ಯಾಮೆರಾಕ್ಕೆ ಕೂರುವುದಿಲ್ಲ, ಯಾವ ಅಡಾಪ್ಟರೂ ಅದನ್ನು ಸರಿಯಾಗಿ ಕೂರಿಸದು. ತಿರುಗುಮುರುಗು ಮಾತ್ರ ಸಾಧ್ಯ: ನಿಮ್ಮ ಇಎಫ್ ಲೆನ್ಸನ್ನು ಮುಂದೊಂದು ದಿನ ಕೆನನ್‌ನದೇ ಅಡಾಪ್ಟರ್ ಮೂಲಕ ಮಿರರ್‌ಲೆಸ್ ಬಾಡಿಗೆ ಹಾಕಿ ಆಟೋಫೋಕಸ್ ಸಮೇತ ಬಳಸಬಹುದು. ಡಿಎಸ್‌ಎಲ್‌ಆರ್ ಕಾಲ ಮುಗಿಯುತ್ತಿದೆ, ಲೆನ್ಸಿಗೆ ಹಣ ಹಾಕುವುದು ದಂಡವೇ ಎಂಬ ಚಿಂತೆ ಇದ್ದರೆ ಇದು ನೆನಪಿರಲಿ. ಗುರುತು ಸುಲಭ: ಕ್ಯಾಮೆರಾದ ಬಾಯಿಯ ಸುತ್ತ ಕೆಂಪು ಚುಕ್ಕೆ ಇಎಫ್‌ಗೆ, ಬಿಳಿ ಚೌಕ ಇಎಫ್-ಎಸ್‌ಗೆ. ನಿಮ್ಮ ಬಾಡಿಯಲ್ಲಿ ಎರಡೂ ಇವೆ, ಎರಡೂ ಬಗೆ ಕೂರುತ್ತವೆ.

ಹೊಸ 50 ಎಂಎಂ ಮನೆಗೆ ಬಂದ ಮೊದಲ ವಾರದಲ್ಲೇ, ಬದಲಾಯಿಸಿಕೊಡುವ ಅವಧಿ ಮುಗಿಯುವ ಮೊದಲು, ಫೋಕಸ್ ಪರೀಕ್ಷೆ ಮಾಡಿ. ಅಚ್ಚಾದ ಅಕ್ಷರಗಳಿರುವ ಚಪ್ಪಟೆ ಡಬ್ಬಿಯೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾವನ್ನು ಒಂದೂವರೆ ಮೀಟರ್ ದೂರದಲ್ಲಿ ಟ್ರೈಪಾಡಿನ ಮೇಲೋ ಪುಸ್ತಕಗಳ ರಾಶಿಯ ಮೇಲೋ ಅಲುಗದಂತೆ ಇಡಿ. ಎಫ್ 1.8, ನಡುವಿನ ಬಿಂದು, ಎರಡು ಸೆಕೆಂಡಿನ ಟೈಮರ್. ವ್ಯೂಫೈಂಡರಿನಿಂದ ಐದು ಫೋಟೊ. ಪ್ರತಿ ಸಲವೂ ನಡುವೆ ದೂರದ ಕಿಟಕಿಗೆ ಫೋಕಸ್ ಮಾಡಿ ಮತ್ತೆ ಡಬ್ಬಿಗೆ ಬನ್ನಿ. ಆಮೇಲೆ ಲೈವ್ ವ್ಯೂನಲ್ಲಿ, ಅಂದರೆ ಹಿಂಬದಿಯ ಪರದೆಯಲ್ಲಿ ನೋಡುತ್ತಾ, ಐದು. ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ ನೋಡಿ. ಎರಡೂ ಒಂದೇ ಥರ ಇದ್ದರೆ ಸರಿ. ಲೈವ್ ವ್ಯೂನವು ಮಾತ್ರ ಸ್ಪಷ್ಟವಾಗಿ, ವ್ಯೂಫೈಂಡರಿನ ಐದೂ ಒಂದೇ ರೀತಿ ಮಸುಕಾಗಿದ್ದರೆ ಲೆನ್ಸಿಗೂ ಬಾಡಿಗೂ ಹೊಂದಾಣಿಕೆ ತಪ್ಪಿದೆ. ವ್ಯೂಫೈಂಡರಿನಲ್ಲಿ ನೋಡುವಾಗ ಫೋಕಸ್ ಅಳೆಯುವುದು ಕನ್ನಡಿಯ ಕೆಳಗಿನ ಬೇರೊಂದು ಸೆನ್ಸರ್. ಅದರ ದಾರಿ ಕೂದಲೆಳೆಯಷ್ಟು ಬೇರೆಯಾದರೂ ಹೀಗಾಗುತ್ತದೆ. ದುಬಾರಿ ಬಾಡಿಗಳಲ್ಲಿ ಇದನ್ನು ಮೆನುವಿನಲ್ಲೇ ಸರಿಪಡಿಸಬಹುದು, 1500ಡಿಯಲ್ಲಿ ಆ ಸೌಲಭ್ಯವಿಲ್ಲ. ಲೆನ್ಸ್ ಬದಲಾಯಿಸಿಕೊಳ್ಳಿ, ಇಲ್ಲವೇ ವಾರಂಟಿಯಲ್ಲಿ ಸರ್ವೀಸ್ ಸೆಂಟರಿಗೆ ಕೊಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಲೆನ್ಸಿನ ಸೀರಿಯಲ್ ನಂಬರ್ ಬರೆಸಿಕೊಂಡಿರಬೇಕು ಎನ್ನುವುದು ಇಂಥ ಹೊತ್ತಿಗಾಗಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಹಳೆಯ 50 ಎಂಎಂ ಎಫ್ 1.8 ಎರಡನೆಯ ಆವೃತ್ತಿ ಎದುರಾಗುತ್ತದೆ. 1990ರ ವಿನ್ಯಾಸ, ಪ್ಲಾಸ್ಟಿಕ್ ಮೌಂಟ್, ಅಪರ್ಚರಿಗೆ ಐದೇ ಎಲೆ, ಫೋಕಸ್ ಮಾಡುವಾಗ ಜೀರುಂಡೆಯಂತೆ ಸದ್ದು. ತೀರಾ ಕಡಿಮೆ ಬೆಲೆಗೆ ಸಿಕ್ಕರೆ ಮಾತ್ರ ಪರವಾಗಿಲ್ಲ. 2015ರ ಎಸ್‌ಟಿಎಂನಲ್ಲಿ ಲೋಹದ ಮೌಂಟು, ಏಳು ಎಲೆ, ಫೋಕಸಿನ ಹತ್ತಿರದ ಮಿತಿ 45ರ ಬದಲು 35 ಸೆಂಟಿಮೀಟರ್. ಯಾವುದೇ ಹಳೆಯ ಲೆನ್ಸನ್ನು ನೋಡುವಾಗಲೂ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು, ಮುಂದಿನಿಂದ ಇಣುಕಿ. ಒಂದೆರಡು ಧೂಳಿನ ಕಣ ಇದ್ದರೆ ಏನೂ ಆಗದು. ಗಾಜಿನ ಅಂಚಿನಿಂದ ನಡುವಿಗೆ ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆ ಕಂಡರೆ ಅದು ಫಂಗಸ್. ಬೆಲೆ ಎಷ್ಟೇ ಇಳಿಸಿದರೂ ಬೇಡ. ಅದು ಗಾಜಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಗುರುತು ಉಳಿಯುತ್ತದೆ.

ನೀವು ಮಲೆನಾಡಿನವರಾದ್ದರಿಂದ ಇದನ್ನು ಒತ್ತಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆಯ ತೇವದಲ್ಲಿ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಒಂದೇ ಮಳೆಗಾಲದಲ್ಲಿ ಫಂಗಸ್ ಹಿಡಿಯಬಹುದು. ಕ್ಯಾಮೆರಾ ಬ್ಯಾಗಿನ ಬಟ್ಟೆ ಮತ್ತು ಸ್ಪಂಜು ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ, ಆದ್ದರಿಂದ ಬ್ಯಾಗು ಹೊತ್ತೊಯ್ಯಲು ಮಾತ್ರ. ಮನೆಯಲ್ಲಿ, ಮುಚ್ಚಳಕ್ಕೆ ರಬ್ಬರ್ ಸುತ್ತು ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಅನ್ನು ತೆಳ್ಳನೆಯ ಹತ್ತಿ ಚೀಲದಲ್ಲಿ ಕಟ್ಟಿಡಿ, ಒಂದು ಪುಟ್ಟ ತೇವಮಾಪಕ ಇಡಿ. ಮುಳ್ಳು ಶೇಕಡ 40ರಿಂದ 50ರ ನಡುವೆ ಇರಬೇಕು. 60 ದಾಟಿದರೆ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿ, ಪೂರ್ತಿ ಆರಿದ ಮೇಲೆ ವಾಪಸ್ ಹಾಕಿ. ತೀರಾ 30ಕ್ಕೆ ಇಳಿಯುವುದೂ ಒಳ್ಳೆಯದಲ್ಲ, ರಬ್ಬರು ಮತ್ತು ಗ್ರೀಸು ಒಣಗುತ್ತವೆ. ಡಬ್ಬಿಗೆ ಹಾಕುವ ಮೊದಲು ಲೆನ್ಸಿನ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ. ಎಸ್‌ಟಿಎಂ 50ರ ಮುಂದಿನ ಕೊಳವೆ ಹತ್ತಿರದ ವಸ್ತುವಿಗೆ ಫೋಕಸ್ ಮಾಡುವಾಗ ಚೂರು ಹೊರಬರುತ್ತದೆ, ಹಾಗೆಯೇ ಸ್ವಿಚ್ ಆಫ್ ಮಾಡಿದರೆ ಹೊರಗೇ ನಿಲ್ಲುತ್ತದೆ. ಆಗ ಮುಚ್ಚಳ ಒತ್ತಿ ಹಾಕಿದರೆ ಅದರ ಸಣ್ಣ ಹಲ್ಲುಚಕ್ರಗಳಿಗೆ ಪೆಟ್ಟು. ಮೊದಲು ದೂರದ ಮರಕ್ಕೆ ಗುರಿಯಿಟ್ಟು ಬಟನ್ ಅರ್ಧ ಒತ್ತಿ, ಕೊಳವೆ ಒಳಗೆ ಹೋದದ್ದನ್ನು ನೋಡಿ, ಆಮೇಲೆ ಆಫ್ ಮಾಡಿ. ಮುಂದೆ ಒಂದು ಹುಡ್ ಹಾಕಿಟ್ಟರೆ ಈ ಕೊಳವೆಗೂ ರಕ್ಷಣೆ. ಅಗ್ಗದ ಯುವಿ ಫಿಲ್ಟರ್ ಹಾಕಲು ಹೋಗಬೇಡಿ: ರಂಗಸ್ಥಳದ ದೀಪಗಳು ಅದರ ಗಾಜಿನಲ್ಲಿ ಪ್ರತಿಫಲಿಸಿ ವೇಷದ ಎದೆಯ ಮೇಲೆ ತಲೆಕೆಳಗಾದ ಹಸಿರು ಚುಕ್ಕೆಗಳಾಗಿ ಬಂದು ಕೂರುತ್ತವೆ.